ಹಿಂದಿನ ನಿರಾಕರಣೆಯನ್ನು ಮರೆಮಾಡಬಹುದೋ?



ನಮ್ಮ ಮಲೆಸೀಮೆಯ ಸಭೆಗಳಲ್ಲಿ ಈಚೆಗೆ ಪದೇ ಪದೇ ಕೇಳಿಬರುವ ಒಂದು ಪ್ರಶ್ನೆಯನ್ನು ಕುರಿತು ಕೆಲವು ಮಾತುಗಳನ್ನು ಬರೆಯುವದು ಉಚಿತವೆಂದು ತೋರುತ್ತದೆ. ನಮ್ಮ ಹಿರಿಯರಲ್ಲಿ ಅನೇಕರು ಕಾಫಿತೋಟದ ಕೆಲಸಕ್ಕಾಗಿ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಹೊರಟು ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಬೆಟ್ಟಗಳನ್ನು ಹತ್ತಿಬಂದರು. ಅವರ ದಾರಿಯಲ್ಲಿ ಮಳೆಯೂ ಜಿಗಣೆಯೂ ಚಳಿಜ್ವರವೂ ಇದ್ದವೇ ಹೊರತು, ನೀನು ಯಾರು, ಯಾಕೆ ಬಂದಿ, ಎಂದು ಹಿಂದಿರುಗುವಿ ಎಂದು ಕಾಗದದಲ್ಲಿ ಕೇಳುವವರಿರಲಿಲ್ಲ. ಈಗಲಾದರೋ ಅವರ ಮೊಮ್ಮಕ್ಕಳಲ್ಲಿ ಕೆಲವರು ಓದು ಕಲಿತು, ನರ್ಸುಗಳಾಗಿಯೂ ಎಂಜಿನಿಯರರಾಗಿಯೂ ಸಮುದ್ರದ ಆಚೆಯ ದೇಶಗಳಲ್ಲಿ ನೆಲಸಿದ್ದಾರೆ. ಇಲ್ಲಿ ಉಳಿದಿರುವ ತಂದೆತಾಯಿಗಳು ಅವರ ಮುಖವನ್ನು ನೋಡಬೇಕಾದರೆ ನಮ್ಮ ಸರಕಾರವು ಕೊಡುವ ಪಾಸ್‌ಪೋರ್ಟು ಸಾಲದು. ಆಯಾ ದೇಶದ ಸರಕಾರವು ಕೊಡುವ ವೀಸಾ ಎಂಬ ಅನುಮತಿಯೂ ಬೇಕು. ಆ ಅನುಮತಿಗಾಗಿ ಬರೆಯುವ ಅರ್ಜಿಯಲ್ಲಿ ಒಂದು ಪ್ರಶ್ನೆಯುಂಟು: ಇದಕ್ಕೆ ಮುಂಚೆ ನಿಮಗೆ ವೀಸಾ ನಿರಾಕರಿಸಲ್ಪಟ್ಟಿದೆಯೋ? ಒಮ್ಮೆ ನಿರಾಕರಿಸಲ್ಪಟ್ಟವನು ಈ ಪ್ರಶ್ನೆಗೆ ಏನು ಉತ್ತರ ಕೊಡತಕ್ಕದ್ದು ಎಂಬದೇ ನಮ್ಮ ಮುಂದಿರುವ ವಿಚಾರ.

ವಿಚಾರವು ತಿಳಿಯಾಗುವಂತೆ ಒಂದು ದೃಷ್ಟಾಂತವನ್ನು ಇಟ್ಟುಕೊಳ್ಳೋಣ. ಮೂಡಿಗೆರೆಯ ಕಡೆಯಲ್ಲಿ ಎರಡು ಎಕರೆ ಕಾಫಿಯಿರುವ ಒಬ್ಬ ವಿಧವೆಯು ಇದ್ದಾಳೆಂದು ನೆನಸಿರಿ. ಆಕೆಯ ಒಬ್ಬಳೇ ಮಗಳು ಬ್ರಿಟನ್ ದೇಶದಲ್ಲಿ ನರ್ಸಾಗಿದ್ದಾಳೆ. ಈಗ ಚೊಚ್ಚಲ ಬಸುರಿ. ಬಾಣಂತನಕ್ಕೆ ತಾಯಿ ಬರಬೇಕೆಂದು ಮಗಳ ಆಶೆ. ಹೋಗಬೇಕೆಂದು ತಾಯಿಯ ಆಶೆ. ಹಿಂದೆ ಒಂದಾವರ್ತಿ ಮಗಳನ್ನು ನೋಡಿಬರಲು ಆಕೆ ಅರ್ಜಿ ಹಾಕಿದಾಗ ನಿರಾಕರಣೆಯ ಕಾಗದ ಬಂದಿತ್ತು. ಈಗ ಅರ್ಜಿ ತುಂಬಿಸಿಕೊಡುವ ಏಜೆಂಟನು ಹೇಳುತ್ತಾನೆ: “ಅಮ್ಮಾ, ಆ ಹಳೇ ಸಂಗತಿ ಯಾಕೆ ಎತ್ತುತ್ತೀರಿ? ಇಲ್ಲ ಎಂದು ಬರೆದರಾಯಿತು. ಹೌದು ಎಂದರೆ ಈ ಸಲವೂ ಬಾಗಲು ಹಾಕುತ್ತಾರೆ.” ಆಕೆ ಕಳ್ಳಿಯಲ್ಲ. ಯಾರ ಸೊತ್ತನ್ನೂ ಬಯಸಿದವಳಲ್ಲ. ಮೊಮ್ಮಗುವನ್ನು ಮಡಿಲಿಗೆ ತೆಗೆದುಕೊಳ್ಳಬೇಕೆಂಬದೇ ಆಕೆಯ ಅಪೇಕ್ಷೆ. ಇಲ್ಲ ಎಂಬ ಎರಡಕ್ಷರವು ಆಕೆಗೆ ಪಾಪವಾಗುವದೋ?

ಈ ಪ್ರಶ್ನೆಯನ್ನು ಹಗುರವಾಗಿ ತೀರಿಸುವವರು ಎರಡು ಬಗೆ. ಸುಳ್ಳು ಸುಳ್ಳೇ, ಅದರಲ್ಲೇನು ವಿಚಾರ ಎಂದು ಒಬ್ಬನು ಹೇಳುವನು. ಆದರೆ ಅವನ ಮಕ್ಕಳು ಅವನ ಮನೆಯಲ್ಲೇ ಇರುತ್ತಾರೆ. ಸರಕಾರಗಳ ಸಂಗಡ ಇಷ್ಟು ಸತ್ಯ ಯಾಕೆ ಎಂದು ಇನ್ನೊಬ್ಬನು ಹೇಳುವನು. ಆದರೆ ಅರ್ಜಿಗೆ ರುಜು ಹಾಕುವವನು ಅವನಲ್ಲ. ನಾವು ಇಬ್ಬರನ್ನೂ ಬಿಟ್ಟು, ಮೊದಲು ನಿರಾಕರಣೆ ಎಂದರೇನೆಂಬದನ್ನು ತಿಳಿದುಕೊಳ್ಳೋಣ.

ವೀಸಾ ನಿರಾಕರಣೆಯು ನ್ಯಾಯಸ್ಥಾನದ ತೀರ್ಪಲ್ಲ, ಅಪರಾಧದ ಗುರುತೂ ಅಲ್ಲ. ಮನೆಯ ಯಜಮಾನನು ಬಾಗಲಲ್ಲಿ ನಿಂತವನನ್ನು ನೋಡಿ, ಈಗ ಬೇಡ ಎಂದು ಹೇಳುವದಕ್ಕೆ ಅದು ಸಮಾನ. ಅವನು ಯಾವಾಗಲೂ ಹೀಗೆ ನಿಂತು ಕೇಳಿದವನಲ್ಲ. ನಮ್ಮ ದೇಶದವರು ಬ್ರಿಟನ್ನಿಗೆ ಭೇಟಿಗಾಗಿ ಹೋಗಲು ೧೯೮೬ನೇ ಇಸವಿಯ ವರೆಗೆ ವೀಸಾ ಬೇಕಿರಲಿಲ್ಲ. ಆ ವರ್ಷದಿಂದ ಅದು ಅವಶ್ಯವಾಯಿತು. ಕುಟುಂಬದವರನ್ನು ನೋಡಲು ಹೋಗುವವರಿಗೆ ನಿರಾಕರಣೆಯಾದರೆ ಮೇಲ್ಮನವಿ ಮಾಡುವ ಹಕ್ಕು ಬಹುಕಾಲ ಇತ್ತು. ೨೦೧೩ರಲ್ಲಿ ಆ ಹಕ್ಕು ಬಹುಮಟ್ಟಿಗೆ ತೆಗೆಯಲ್ಪಟ್ಟಿತು. ಈಗ ಸಾಮಾನ್ಯವಾಗಿ ಉಳಿದಿರುವದು ಹೊಸ ಅರ್ಜಿಯೊಂದೇ. ಅಮೇರಿಕ ದೇಶದ ೧೯೫೨ರ ಕಾನೂನಿನ ಪ್ರಕಾರವಂತೂ, ಭೇಟಿಗಾಗಿ ಬರುತ್ತೇನೆ ಎನ್ನುವವನು ಅಲ್ಲಿಯೇ ನೆಲಸಲು ಬರುವವನೆಂದು ಮೊದಲೇ ಎಣಿಸಲ್ಪಡುತ್ತಾನೆ. ಹಾಗಲ್ಲವೆಂದು ಅಧಿಕಾರಿಗೆ ಒಪ್ಪಿಗೆಯಾಗುವಂತೆ ತೋರಿಸುವ ಭಾರವು ಅರ್ಜಿದಾರನ ಮೇಲೆಯೇ ಇದೆ. ಆದಕಾರಣ ನಿರಾಕರಿಸಲ್ಪಟ್ಟವನು ಕೆಟ್ಟವನೆಂದು ಅರ್ಥವಲ್ಲ. ಅವನ ಮಾತು ಸಾಕಷ್ಟು ಸ್ಥಾಪಿಸಲ್ಪಡಲಿಲ್ಲವೆಂದಷ್ಟೇ ಅರ್ಥ.

ಎಷ್ಟೋ ಸಾರಿ ಮಾತು ಸತ್ಯವಾಗಿದ್ದರೂ ತೋರಿಸುವ ರೀತಿಯಲ್ಲಿ ಕೊರತೆಯಿರುತ್ತದೆ. ನಮ್ಮ ಬೆಟ್ಟಗಳ ಜೀವನವನ್ನೇ ನೋಡಿರಿ. ಅರೇಬಿಕ ಕಾಫಿಯ ಕೊಯ್ಲು ನವೆಂಬರಿನಿಂದ ಜನವರಿಯ ವರೆಗೆ, ರೋಬಸ್ಟದ ಕೊಯ್ಲು ಅದರ ಹಿಂದೆಯೇ. ಕಣದಲ್ಲಿ ಒಣಗಿಸಿ ಮಾರಿದ ಮೇಲೆ ಸಣ್ಣ ಬೆಳೆಗಾರನಿಗೆ ವರ್ಷದ ಹಣವೆಲ್ಲಾ ಒಂದೆರಡು ಕಂತುಗಳಲ್ಲಿ ಬ್ಯಾಂಕಿಗೆ ಬೀಳುತ್ತದೆ. ಉಳಿದ ತಿಂಗಳುಗಳಲ್ಲಿ ತೆಗೆಯುವದೇ ಹೊರತು ಹಾಕುವದಿಲ್ಲ. ತಿಂಗಳು ತಿಂಗಳು ಸಂಬಳ ಬರುವವರ ಲೆಕ್ಕವನ್ನೇ ನೋಡಿ ಅಭ್ಯಾಸವಿರುವ ದೂರದ ಗುಮಾಸ್ತನಿಗೆ ಇದು ಹೇಗೆ ಕಾಣುವದು? ಅರ್ಜಿಗಾಗಿ ಯಾರಿಂದಲೋ ಸಾಲ ತಂದು ತುಂಬಿಸಿದ ಹಣದಂತೆ ಕಾಣುವದು. ಹಸಿ ಕಾಫಿಯನ್ನೋ ಒಣಗಿಸಿದ ಚೆರಿಯನ್ನೋ ಹಾಗೆಯೇ ಮಾರುವ ಸಣ್ಣ ಬೆಳೆಗಾರನ ಆದಾಯವು ಕೃಷಿಯ ಆದಾಯವಾದದರಿಂದ ಕೇಂದ್ರ ಸರಕಾರದ ಆದಾಯತೆರಿಗೆಗೆ ಒಳಪಡುವದಿಲ್ಲ. ಆದಕಾರಣ ತೆರಿಗೆಯ ಕಾಗದಗಳೂ ಅವನಲ್ಲಿರುವದಿಲ್ಲ. ಇದೆಲ್ಲವನ್ನು ಬಿಡಿಸಿ ಬರೆಯದೆ ಹೋದರೆ ನಿಜವಾದ ಸಂಗತಿಯು ಸುಳ್ಳಿನ ವೇಷದಲ್ಲಿ ಅಧಿಕಾರಿಯ ಮುಂದೆ ನಿಲ್ಲುತ್ತದೆ. ಮೇಲೆ ಹೇಳಿದ ವಿಧವೆಗೆ ಬಂದ ನಿರಾಕರಣೆಯು ಇಂಥಾ ಕಾರಣದಿಂದಲೇ ಬಂದಿರಬಹುದು. ಹಾಗಾದರೆ ಆಕೆ ನಾಚಿಕೆಪಡುವಂಥಾದ್ದೇನು? ಏನೂ ಇಲ್ಲ. ಇಲ್ಲಿಯೇ ನಮ್ಮ ವಿಚಾರದ ಸಾರವು ಅಡಗಿದೆ: ನಾಚಿಕೆಯಿಲ್ಲದ ಒಂದು ಸಂಗತಿಯನ್ನು ಮುಚ್ಚಿಡುವದರಿಂದ ಆಕೆ ಅದನ್ನು ನಾಚಿಕೆಯ ಸಂಗತಿಯನ್ನಾಗಿ ಮಾಡುತ್ತಾಳೆ. ನಿರಾಕರಣೆಯು ಮತ್ತೊಬ್ಬನು ಮಾಡಿದ ಕಾರ್ಯ. ಅದನ್ನು ಕುರಿತ ಉತ್ತರವಾದರೋ ನಮ್ಮ ಕಾರ್ಯ. ಮೊದಲನೆಯದಕ್ಕೆ ನಾವು ದೇವರ ಮುಂದೆ ಲೆಕ್ಕ ಒಪ್ಪಿಸಬೇಕಾಗಿಲ್ಲ, ಎರಡನೆಯದಕ್ಕೆ ಒಪ್ಪಿಸಬೇಕು.

ಈ ವಿಷಯದಲ್ಲಿ ಸತ್ಯವೇದವು ಮೂಕವಾಗಿಲ್ಲ. ಗಡಿಯ ಬಾಗಲಲ್ಲಿ ನಿಂತ ಜನರ ಚರಿತ್ರೆಗಳು ಅದರಲ್ಲಿ ಬಹಳವಾಗಿವೆ. ಬರಗಾಲದಲ್ಲಿ ಐಗುಪ್ತಕ್ಕೆ ಇಳಿದುಹೋದ ಅಬ್ರಾಮನು ಗಡಿಯ ಬಳಿಗೆ ಬಂದಾಗ ಪ್ರಾಣಭಯದಿಂದ ತನ್ನ ಹೆಂಡತಿಯನ್ನು ತಂಗಿಯೆಂದು ಹೇಳಿಸಿದನು. ಅವನ ಭಯವು ಕಾರಣವಿಲ್ಲದ್ದಲ್ಲ, ಅವನ ಮಾತು ಪೂರಾ ಸುಳ್ಳೂ ಅಲ್ಲ. ಅವಳು ತಂದೆಯ ಕಡೆಯಿಂದ ಅವನಿಗೆ ತಂಗಿಯೇ ಆಗಿದ್ದಳು. ಆದರೂ ಆ ಅರ್ಧ ಸತ್ಯದಿಂದ ಫರೋಹನ ಮನೆಗೆ ಉಪದ್ರವ ಬಂತು. ವಿಶ್ವಾಸಿಗಳ ತಂದೆಯು ಅವಿಶ್ವಾಸಿಯಾದ ಅರಸನಿಂದ ಗದರಿಸಲ್ಪಟ್ಟು ಆ ದೇಶದಿಂದ ಕಳುಹಿಸಲ್ಪಟ್ಟನು. ಇನ್ನೂ ನೋಡಿರಿ: ಗೆರಾರಿನಲ್ಲಿ ಅವನು ಅದೇ ಮಾತನ್ನು ಪುನಃ ಆಡಿದನು, ಅವನ ಮಗನಾದ ಇಸಾಕನೂ ಆ ಊರಿನಲ್ಲೇ ಅದನ್ನೇ ಆಡಿದನು. ಗಡಿಯಲ್ಲಿ ಆಡಿದ ಸುಳ್ಳು ಗಡಿಯಲ್ಲಿ ನಿಲ್ಲದೆ ಮನೆಯ ವಾಡಿಕೆಯಾಯಿತು.

ಗಿಬ್ಯೋನಿನವರ ಕಥೆ ನಿಮಗೆ ಗೊತ್ತಿದೆ. ಅವರು ಹತ್ತಿರದಲ್ಲಿಯೇ ಇದ್ದವರು. ಆದರೂ ಹರಕು ಕೆರಗಳನ್ನು ಮೆಟ್ಟಿಕೊಂಡು, ಬೂಜು ಹಿಡಿದ ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು, ಬಹು ದೂರದಿಂದ ಬಂದವರೆಂದು ಯೆಹೋಶುವನನ್ನು ನಂಬಿಸಿದರು. ಈಗಿನ ಮಾತಿನಲ್ಲಿ ಹೇಳುವದಾದರೆ, ಅವು ಕೃತ್ರಿಮ ದಾಖಲೆಗಳು. ಅವರಿಗೆ ಒಪ್ಪಂದ ಸಿಕ್ಕಿತು, ಪ್ರಾಣವೂ ಉಳಿಯಿತು. ಆದರೆ ಮೂರೇ ದಿವಸಗಳಲ್ಲಿ ಸಂಗತಿ ಬೈಲಾಗಿ, ಸೌದೆ ಒಡೆಯುವವರೂ ನೀರು ಹೊರುವವರೂ ಆಗಿ ಉಳಿದರು. ಮೋಸದಿಂದ ಒಳಗೆ ಬಂದವನು ಒಳಗೆ ಬಂದ ಮೇಲೆಯೂ ತಲೆಯೆತ್ತಿ ನಡೆಯಲಾರನು.

ಇವಕ್ಕೆ ಎದುರಾಗಿ, ನಾವು ಸಾಮಾನ್ಯವಾಗಿ ಲಕ್ಷ್ಯವಿಡದ ಒಂದು ವೃತ್ತಾಂತವು ನ್ಯಾಯಸ್ಥಾಪಕರ ಪುಸ್ತಕದಲ್ಲಿದೆ. ಯೆಫ್ತಾಹನು ಅಮ್ಮೋನಿಯರ ಅರಸನಿಗೆ ದೂತರ ಮುಖಾಂತರ ಇಸ್ರಾಯೇಲಿನ ಪ್ರಯಾಣದ ಚರಿತ್ರೆಯನ್ನು ಹೇಳಿಕಳುಹಿಸುವಾಗ, ಎದೋಮಿನ ಅರಸನನ್ನು ದಾರಿ ಕೇಳಿದೆವು, ಅವನು ಕೊಡಲಿಲ್ಲ. ಮೋವಾಬಿನ ಅರಸನನ್ನು ಕೇಳಿದೆವು, ಅವನೂ ಒಪ್ಪಲಿಲ್ಲ. ಆಗ ಸುತ್ತಿಕೊಂಡು ಹೋದೆವು ಎಂದು ಎರಡು ನಿರಾಕರಣೆಗಳನ್ನೂ ಒಂದೊಂದಾಗಿ ಎಣಿಸಿ ತಿಳಿಸುತ್ತಾನೆ. ಅವುಗಳನ್ನು ಮುಚ್ಚಿಟ್ಟರೆ ತನ್ನ ಜನರ ಮಾನ ಹೆಚ್ಚುವದೆಂದು ಅವನಿಗೆ ತೋಚಲಿಲ್ಲ. ಕೇಳಿದೆವು, ಕೊಡಲಿಲ್ಲ, ಬಲಾತ್ಕಾರ ಮಾಡದೆ ತಿರುಗಿಕೊಂಡೆವು ಎಂಬದೇ ಅವನ ಜನರ ಯಥಾರ್ಥತೆಗೆ ಸಾಕ್ಷಿಯಾಯಿತು. ಹಿಂದೆ ನಿರಾಕರಿಸಲ್ಪಟ್ಟು, ಆಜ್ಞೆಗೆ ತಲೆಬಾಗಿ ಮನೆಯಲ್ಲಿ ಉಳಿದವನೂ ಇಂಥಾ ಸಾಕ್ಷಿಯನ್ನು ತನ್ನ ಪಕ್ಷದಲ್ಲಿ ಹೊಂದಿದ್ದಾನೆ.

ಈಗ ಆಕ್ಷೇಪಗಳಿಗೆ ಬರೋಣ. ಅವು ಬಲವಾದವುಗಳೇ.

ಮೊದಲನೆಯ ಆಕ್ಷೇಪವೇನಂದರೆ, ಕೇಳುವವನು ಅನ್ಯಾಯಗಾರನಾಗಿರುವಾಗ ಅವನಿಗೆ ಸತ್ಯದ ಸಾಲವು ಎಲ್ಲಿಂದ ಬಂತು? ಹಣವಂತರಿಗೆ ಬಾಗಲು ಬೇಗ ತೆರೆಯುತ್ತದೆ, ಬಡವರಿಗೆ ಮುಚ್ಚುತ್ತದೆ, ಇದು ನ್ಯಾಯವೋ? ಇದರಲ್ಲಿ ಸತ್ಯಾಂಶ ಉಂಟು. ೧೯೧೪ರಲ್ಲಿ ಕೊಮಾಗಾಟ ಮಾರು ಎಂಬ ಹಡಗಿನಲ್ಲಿ ನಮ್ಮ ದೇಶದ ೩೭೬ ಮಂದಿ ಕೆನಡದ ವ್ಯಾಂಕೂವರ್ ರೇವಿಗೆ ಹೋದಾಗ, ಕೆಲವೇ ಜನರ ಹೊರತು ಮಿಕ್ಕವರೆಲ್ಲರೂ ಹಿಂದಕ್ಕೆ ಅಟ್ಟಲ್ಪಟ್ಟರು. ಭಾರತೀಯರನ್ನು ತಡೆಯುವದಕ್ಕಾಗಿಯೇ ಮಾಡಿದ ಕಾಯಿದೆಗಳು ಅದಕ್ಕೆ ಕಾರಣವಾದವು. ೨೦೧೬ರಲ್ಲಿ ಕೆನಡದ ಪ್ರಧಾನಮಂತ್ರಿಯು ಅಲ್ಲಿನ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಅದಕ್ಕಾಗಿ ಕ್ಷಮೆ ಬೇಡಿದನು. ಆದದರಿಂದ ನಿರಾಕರಣೆಯು ಅನ್ಯಾಯವಾಗಿರಬಹುದೆಂದು ನಾವು ಒಪ್ಪುತ್ತೇವೆ. ಆದರೆ ಗಮನಿಸಿರಿ: ಆ ಸಂಗತಿಯಲ್ಲಿ ಅಪಮಾನವು ನಿರಾಕರಿಸಿದವರಿಗೆ ಬಂತೇ ಹೊರತು ನಿರಾಕರಿಸಲ್ಪಟ್ಟವರಿಗೆ ಬರಲಿಲ್ಲ. ಅನ್ಯಾಯವನ್ನು ಅನ್ಯಾಯವೆಂದು ಹೇಳುವದಕ್ಕೂ ಸತ್ಯವೇ ಬೇಕು. ನನಗೆ ನಿರಾಕರಣೆಯೇ ಆಗಲಿಲ್ಲ ಎಂದು ಬರೆದವನು, ನನಗೆ ಅನ್ಯಾಯವಾಯಿತು ಎಂದು ಮುಂದೆ ಯಾವ ಬಾಯಿಂದ ಹೇಳುವನು? ಅಲ್ಲದೆ ನಮ್ಮ ಭಾರತ ಸರಕಾರವೂ ಇಲ್ಲಿಗೆ ಬರುವ ಪರದೇಶದವರನ್ನು, ನಿಮಗೆ ಮುಂಚೆ ಅನುಮತಿ ನಿರಾಕರಿಸಲ್ಪಟ್ಟಿತೋ ಎಂದು ತನ್ನ ಅರ್ಜಿಯಲ್ಲಿ ಕೇಳುತ್ತದೆ. ನಮ್ಮ ಮನೆಯ ಬಾಗಲಲ್ಲಿ ನ್ಯಾಯವೆನಿಸುವ ಪ್ರಶ್ನೆಯು ಮತ್ತೊಬ್ಬನ ಬಾಗಲಲ್ಲಿ ಅನ್ಯಾಯವಾಗುವದು ಹೇಗೆ?

ಎರಡನೆಯ ಆಕ್ಷೇಪವನ್ನು ಸತ್ಯವೇದದಿಂದಲೇ ತೆಗೆಯುವವರುಂಟು. ಐಗುಪ್ತದ ಸೂಲಗಿತ್ತಿಯರು ಫರೋಹನಿಗೆ ನಿಜ ಹೇಳಲಿಲ್ಲ. ಯೆರಿಕೋವಿನ ರಾಹಾಬಳು ಗೂಢಚಾರರನ್ನು ಅಡಗಿಸಿ ಬೇರೆ ಮಾತು ಹೇಳಿದಳು. ಆದರೂ ದೇವರು ಅವರಿಗೆ ದಯೆ ತೋರಿಸಲಿಲ್ಲವೋ? ತೋರಿಸಿದನು. ಆದರೆ ಅಲ್ಲಿ ಕೂಸುಗಳ ಕೊರಳಿಗೆ ಕತ್ತಿ ಬಂದಿತ್ತು. ಕೇಳುವವನು ಕೊಲ್ಲುವದಕ್ಕಾಗಿ ಕೇಳುತ್ತಿದ್ದನು. ಹೇಳುವವರು ಮತ್ತೊಬ್ಬರ ಪ್ರಾಣಕ್ಕಾಗಿ ತಮ್ಮ ಪ್ರಾಣವನ್ನು ಒಡ್ಡಿದ್ದರು. ಯಾವನಾದರೂ ಕೊಲೆಗೆ ಹೆದರಿ ಓಡಿಬರುವ ನಿರಾಶ್ರಿತನಾಗಿದ್ದರೆ ಅವನ ಸಂಗತಿಯೇ ಬೇರೆ; ಅವನಿಗೆ ಬೇರೆ ಕಾನೂನೂ ಉಂಟು. ಭೇಟಿಗೆ ಹೋಗುವವನಾದರೋ ಅತಿಥಿಯಾಗಿ ಹೋಗಲು ಅಪೇಕ್ಷಿಸುವವನು. ಅತಿಥಿಸತ್ಕಾರವನ್ನು ಬೇಡುವವನು ಮನೆಯ ಯಜಮಾನನಿಗೆ ಕೊಡಬಹುದಾದ ಮೊದಲನೆಯ ಕಾಣಿಕೆಯು ಯಥಾರ್ಥವಾದ ಉತ್ತರವೇ. ಅದನ್ನು ಬಚ್ಚಿಟ್ಟುಕೊಂಡು ಸತ್ಕಾರವನ್ನು ಮಾತ್ರ ತೆಗೆದುಕೊಳ್ಳುವವನು ಅತಿಥಿಯಲ್ಲ.

ಮೂರನೆಯದು ನಮ್ಮ ಬೆಟ್ಟಗಳದ್ದೇ ಆದ ಆಕ್ಷೇಪ. ಬಾಬಾಬುಡನನು ಅರಬಸ್ಥಾನದ ಮೋಕಾ ಸೀಮೆಯಿಂದ ಏಳು ಕಾಫಿಬೀಜಗಳನ್ನು ಯಾರಿಗೂ ಕಾಣದಂತೆ ತಂದು ಚಂದ್ರದ್ರೋಣದ ಬೆಟ್ಟದಲ್ಲಿ ಬಿತ್ತಿದನೆಂದು ಐತಿಹ್ಯವುಂಟು. ನಾವೆಲ್ಲರೂ ಆ ಬಚ್ಚಿಟ್ಟ ಬೀಜದ ಅನ್ನವನ್ನೇ ಉಣ್ಣುತ್ತೇವಲ್ಲಾ ಎಂದು ಕೆಲವರು ನಗುತ್ತಾ ಹೇಳುವರು. ಆ ಐತಿಹ್ಯಕ್ಕೆ ನಾವು ಅಗೌರವ ತೋರಿಸುವದಿಲ್ಲ. ಆದರೆ ಅದನ್ನು ಹೇಳುವ ತೋಟದವರೇ ತಮ್ಮ ಕಣದಿಂದ ಯಾರಾದರೂ ಏಳು ಸೇರು ಕಾಫಿಯನ್ನು ಮಡಿಲಲ್ಲಿ ಕಟ್ಟಿಕೊಂಡು ಹೋದರೆ ಐತಿಹ್ಯವೆಂದು ಸುಮ್ಮನಿರುವದಿಲ್ಲ. ಒಳ್ಳೇ ಫಲವು ಬಂದದ್ದರಿಂದ ಎಲ್ಲಾ ದಾರಿಯೂ ಒಳ್ಳೇದಾಗುವದಿಲ್ಲ.

ನಮ್ಮ ಮಿಷನಿನ ಪೂರ್ವಿಕರಲ್ಲಿ ಇದಕ್ಕಿಂತ ಹತ್ತಿರವಾದ ಮಾದರಿಯುಂಟು. ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಸೀಮೆಗಳೊಳಗೆ ಮಿಷನೆರಿಗಳು ಬರುವದನ್ನು ಇಷ್ಟಪಡದೆ ಇದ್ದ ಕಾಲದಲ್ಲಿ, ೧೭೯೯ರ ಅಕ್ಟೋಬರಿನಲ್ಲಿ ಮಾರ್ಷ್‌ಮನ್, ವಾರ್ಡ್ ಮೊದಲಾದವರು ಅಮೇರಿಕದ ಹಡಗಿನಲ್ಲಿ ಬಂಗಾಳಕ್ಕೆ ಬಂದರು. ಬೇರೆ ಉದ್ಯೋಗದ ಹೆಸರು ಹೇಳಿಕೊಂಡಿದ್ದರೆ ದಾರಿ ಸುಲಭವಾಗುತ್ತಿತ್ತೋ ಏನೋ. ಅವರು ತಮ್ಮನ್ನು ಮಿಷನೆರಿಗಳೆಂದೇ ತಿಳಿಸಿದರು. ಕಂಪೆನಿಯ ಸೀಮೆಯೊಳಗೆ ಹೋಗಲು ಅವರಿಗೆ ಅಪ್ಪಣೆ ಸಿಕ್ಕಲಿಲ್ಲ. ಅವರು ಡೇನರ ಅಧೀನದಲ್ಲಿದ್ದ ಸೆರಾಂಪುರದಲ್ಲಿ ಉಳಿದರು. ೧೮೦೦ರಲ್ಲಿ ಕೇರಿಯವರೂ ಅಲ್ಲಿಗೇ ಬಂದು ಸೇರಿದರು. ಅಲ್ಲಿ ಸ್ಥಾಪಿತವಾದ ಅಚ್ಚುಕೂಟದಿಂದಲೇ ೧೮೧೭ರಲ್ಲಿ ಕೇರಿಯವರು ಬರೆದ ಕನ್ನಡ ವ್ಯಾಕರಣವು ಹೊರಟಿತು. ಮುಂದೆ ೧೮೩೩ರ ಕಾಯಿದೆಯು ಆ ಬಾಗಲನ್ನು ತೆರೆದ ಬಳಿಕ, ೧೮೩೪ರಲ್ಲಿ ಬಾಸೆಲ್ ಮಿಷನಿನವರು ಮಂಗಳೂರಿಗೆ ಬಂದರು. ನಿಜ ಹೇಳಿದವರಿಗೆಲ್ಲಾ ಹೀಗೆ ಒಳ್ಳೇದಾಗುವದೆಂದು ನಾವು ವಾಗ್ದಾನ ಕೊಡಲಾರೆವು. ಆದರೆ ಮುಚ್ಚಿದ ಬಾಗಲಿನ ಮುಂದೆ ತಮ್ಮ ಹೆಸರನ್ನೂ ಉದ್ದೇಶವನ್ನೂ ಬದಲಿಸದೆ ನಿಂತ ಜನರಿಂದಲೇ ನಾವು ಬಹಳವನ್ನು ಪಡೆದಿದ್ದೇವೆಂಬದು ನಿಶ್ಚಯ.

ನಾಲ್ಕನೆಯ ಮಾತು, ಯಾರಿಗೆ ಗೊತ್ತಾದೀತು ಎಂಬದು. ಇದಕ್ಕೆ ಲೋಕರೀತಿಯಾಗಿಯೇ ಉತ್ತರ ಹೇಳಬಹುದು. ಅರ್ಜಿದಾರನ ಬೆರಳಚ್ಚು ತೆಗೆದುಕೊಳ್ಳಲ್ಪಡುತ್ತದೆ. ಬ್ರಿಟನ್, ಕೆನಡ, ಅಮೇರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಎಂಬ ಐದು ದೇಶಗಳು ಇಂಥಾ ವಿಷಯಗಳನ್ನು ಪರಸ್ಪರ ತಿಳಿಸಿಕೊಳ್ಳುತ್ತವೆ; ಯೂರೋಪಿನ ಷೆಂಗನ್ ದೇಶಗಳಿಗೆ ೨೦೧೧ರಿಂದ ಒಂದೇ ಲೆಕ್ಕದ ಕಣಜವಿದೆ. ಬೇಕೆಂದು ಸುಳ್ಳು ಹೇಳಿದವನನ್ನು ಕೆನಡವು ಐದು ವರ್ಷ ದೂರವಿಡುತ್ತದೆ. ಬ್ರಿಟನ್ನು ಹತ್ತು ವರ್ಷಗಳ ವರೆಗೆ. ಅಮೇರಿಕದ ಕಾನೂನಿನಲ್ಲಿ ಆ ತಡೆಯು ಜೀವಮಾನದ್ದು, ವಿಶೇಷ ವಿನಾಯಿತಿ ದೊರೆತರೆ ಹೊರತು. ನಿರಾಕರಣೆಯೊಂದೇ ಇದ್ದಿದ್ದರೆ ಮುಂದಿನ ತಿಂಗಳೇ ಪುನಃ ಕೇಳಬಹುದಾಗಿದ್ದ ತಾಯಿಯು, ಎರಡಕ್ಷರದ ಸುಳ್ಳಿನಿಂದ ಮೊಮ್ಮಗುವು ಶಾಲೆಗೆ ಹೋಗುವ ವರೆಗೂ ಕೇಳಲಾರದೆ ಹೋಗುವಳು. ಆದರೂ ಪ್ರಿಯರೇ, ದಂಡನೆಯ ಭಯವೊಂದೇ ಕಾರಣವಾದರೆ, ಸಿಕ್ಕಿಬೀಳದ ಸುಳ್ಳು ಸರಿಯೆಂದಾಗುವದು. ಲೆಕ್ಕದ ಕಣಜ ಇಲ್ಲದ ಕಾಲದಲ್ಲಿಯೂ ಸತ್ಯವು ಸತ್ಯವೇ ಆಗಿತ್ತು. ಸುಳ್ಳು ಬರೆದು ವೀಸಾ ಪಡೆದ ತಾಯಿಯು ಮಗಳ ಮನೆಗೆ ತಲಪಿದರೂ, ಬಾಗಲು ತಟ್ಟಿದ ಸಪ್ಪಳಕ್ಕೆ ಬೆಚ್ಚುವಳು. ಆ ಸುಳ್ಳಿನಿಂದ ಮಗಳ ಹೆಸರಿಗೂ ಕಲೆ ತಗಲೀತೆಂದು ಅಂಜುವಳು. ನೆಮ್ಮದಿಗಾಗಿ ಹೋದವಳು ನೆಮ್ಮದಿಯನ್ನು ಇಲ್ಲಿಯೇ ಬಿಟ್ಟುಹೋದಂತಾಗುವದು.

ಏಜೆಂಟನು ಬರೆದದ್ದು, ನಾನಲ್ಲ ಎಂಬ ಮಾತೂ ನಿಲ್ಲುವದಿಲ್ಲ. ಅರ್ಜಿಯ ಕೊನೆಯಲ್ಲಿ, ಇದೆಲ್ಲಾ ನಿಜವೆಂದು ಒಪ್ಪಿಕೊಳ್ಳುವವನು ಅರ್ಜಿದಾರನೇ. ತೋಟದಲ್ಲಿ ಮುಂಗಡ ಪಡೆಯುವಾಗ ಬರೆದದ್ದನ್ನು ಓದಿಸಿ ಕೇಳದೆ ಹೆಬ್ಬೆಟ್ಟು ಒತ್ತಿದವರ ಪಾಡನ್ನು ನಮ್ಮ ಹಿರಿಯರು ಕಂಡಿದ್ದಾರೆ. ಇಂಗ್ಲಿಷು ತಿಳಿಯದವರು ಸಭೆಯಲ್ಲಿ ಓದುಬಲ್ಲ ಒಬ್ಬ ತರುಣನಿಂದ ಪ್ರತಿಯೊಂದು ಪ್ರಶ್ನೆಯನ್ನೂ ಉತ್ತರವನ್ನೂ ಕನ್ನಡದಲ್ಲಿ ಹೇಳಿಸಿಕೊಂಡ ಹೊರತು ಒಪ್ಪಿಗೆ ಕೊಡಬಾರದು.

ಹಾಗಾದರೆ ಮಾಡತಕ್ಕದ್ದೇನು? ಮೊದಲು, ಹಳೇ ನಿರಾಕರಣೆಯ ಕಾಗದವನ್ನು ಹುಡುಕಿ, ಅದರಲ್ಲಿ ಹೇಳಿದ ಕಾರಣವನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಎರಡನೆಯದಾಗಿ, ಪ್ರಶ್ನೆಯನ್ನು ಎಚ್ಚರದಿಂದ ಓದಬೇಕು. ಬ್ರಿಟನ್ನೂ ಕೆನಡವೂ ತಮ್ಮ ದೇಶದ ನಿರಾಕರಣೆಯನ್ನು ಮಾತ್ರವಲ್ಲ, ಬೇರೆ ದೇಶಗಳದ್ದನ್ನೂ ಕೇಳುತ್ತವೆ. ಕೇಳಿದ್ದಕ್ಕೆ ಪೂರ್ಣ ಉತ್ತರ ಕೊಡಬೇಕು. ಕೇಳದ್ದನ್ನೆಲ್ಲಾ ಹೇಳಲೇಬೇಕೆಂಬ ಬಂಧನವಿಲ್ಲ. ಮೌನವೆಲ್ಲಾ ಸುಳ್ಳಲ್ಲ, ಕೇಳಿದಾಗ ಇಲ್ಲ ಎನ್ನುವದು ಸುಳ್ಳು. ತಾರೀಖು ನೆನಪಿಲ್ಲದಿದ್ದರೆ, ಇಂಥಾ ವರ್ಷದ ಸುಮಾರಿನಲ್ಲಿ, ತಾರೀಖು ನೆನಪಿಲ್ಲ ಎಂದೇ ಬರೆಯಲಿ. ಮೂರನೆಯದಾಗಿ, ಹಿಂದಿನ ಕಾರಣಕ್ಕೆ ಈಗ ಉತ್ತರವೇನೆಂದು ಪ್ರತ್ಯೇಕ ಕಾಗದದಲ್ಲಿ ಬಿಡಿಸಿ ಬರೆಯಬೇಕು: ಜಮೀನಿನ ಪಹಣಿ, ಕಾಫಿ ಮಾರಿದ ಬಿಲ್ಲುಗಳು, ಹಣವು ವರ್ಷಕ್ಕೊಮ್ಮೆ ಯಾಕೆ ಬರುತ್ತದೆಂಬ ವಿವರ, ಇಲ್ಲಿ ಉಳಿಯುವ ಮಕ್ಕಳೂ ಹೊಣೆಗಳೂ ಯಾವುವೆಂಬದು. ಯಾವದೂ ಬದಲಾಗದೆ, ಯಾವ ಹೊಸ ವಿವರವೂ ಇಲ್ಲದೆ ಅದೇ ಅರ್ಜಿಯನ್ನು ಮತ್ತೆ ಮತ್ತೆ ಹಾಕುವದು ಹಣದ ನಷ್ಟ. ನಿರಾಕರಣೆಯಾದರೆ ಶುಲ್ಕವು ಹಿಂದಕ್ಕೆ ಬರುವದಿಲ್ಲ. ಇದಕ್ಕಾಗಿ ತೋಟವನ್ನು ಅಡವಿಡುವದಂತೂ ಕೂಡದು.

ನಾಲ್ಕನೆಯದಾಗಿ, ಉದ್ದೇಶವು ನಿಜವಾಗಿರಬೇಕು. ಹಿಂದಿನ ನಿರಾಕರಣೆಯನ್ನು ನಿಜವಾಗಿ ಬರೆದು, ಮುಂದಿನ ಉದ್ದೇಶವನ್ನು ಸುಳ್ಳಾಗಿ ಬರೆದರೆ ಫಲವೇನು? ಭೇಟಿಗೆಂದು ಹೋಗಿ ಕೂಲಿಗೆ ನಿಲ್ಲುವವನೂ, ಆರು ತಿಂಗಳ ಅಪ್ಪಣೆ ಪಡೆದು ಅಡಗಿ ಉಳಿಯುವವನೂ, ತನ್ನ ಹಿಂದೆ ಬರುವ ಊರಿನ ಬಡ ತಾಯಿಯ ಬಾಗಲನ್ನು ಮುಚ್ಚುತ್ತಾನೆ. ಅಧಿಕಾರಿಯ ಸಂಶಯವು ಎಲ್ಲಿಂದಲೋ ಹುಟ್ಟಿದ್ದಲ್ಲ; ಮುಂಚೆ ಹೋದವರಲ್ಲಿ ಕೆಲವರು ತಪ್ಪಿದ ಮಾತೂ ಅದಕ್ಕೆ ಗೊಬ್ಬರವಾಗಿದೆ.

ಸಭಾಪಾಲಕರಿಗೂ ಹಿರಿಯರಿಗೂ ಇಲ್ಲಿ ಒಂದು ಮಾತು. ಇಂಥಾ ಅರ್ಜಿಗಳಿಗೆ ಸಭೆಯ ಪತ್ರವನ್ನು ಕೇಳಿಕೊಂಡು ಜನರು ಬರುವದುಂಟು. ನೆಹೆಮೀಯನು ನದಿಯಾಚೆಯ ಅಧಿಪತಿಗಳಿಗೆ ತೋರಿಸಲು ಅರಸನಿಂದ ಪತ್ರ ಕೇಳಿದನು. ಪತ್ರ ಕೇಳುವದು ತಪ್ಪಲ್ಲ. ಆದರೆ ಬರೆಯುವವರು ತಾವು ಬಲ್ಲದ್ದನ್ನು ಮಾತ್ರ ಬರೆಯಲಿ: ಇಷ್ಟು ವರ್ಷಗಳಿಂದ ಈ ಸಭೆಯವರು, ಇಲ್ಲಿ ಮನೆಯಿದೆ, ಇಂಥಾ ಹೊಣೆಯಿದೆ. ಇವರು ಹಿಂದಿರುಗುವರೆಂದು ನಾನು ಪ್ರಮಾಣ ಮಾಡುತ್ತೇನೆ ಎಂದು ಯಾವ ಮನುಷ್ಯನೂ ಮತ್ತೊಬ್ಬ ಮನುಷ್ಯನ ಹೃದಯಕ್ಕಾಗಿ ಬರೆಯಕೂಡದು. ಒಂದು ಸುಳ್ಳು ಪತ್ರವು ಹತ್ತು ನಿಜ ಪತ್ರಗಳ ಬೆಲೆಯನ್ನು ತಿನ್ನುತ್ತದೆ.

ಈಗಾಗಲೇ ಸುಳ್ಳು ಬರೆದವರು ಇದನ್ನು ಓದುತ್ತಿದ್ದರೆ, ಅವರಿಗೂ ದಾರಿ ಮುಚ್ಚಿಲ್ಲ. ಅರ್ಜಿಯು ಇನ್ನೂ ತೀರ್ಮಾನವಾಗದಿದ್ದರೆ ಕೂಡಲೇ ತಿದ್ದುಪಡಿಯನ್ನು ಬರೆದು ಕಳುಹಿಸಲಿ. ತೀರ್ಮಾನವಾಗಿದ್ದರೆ, ಕಾನೂನು ಬಲ್ಲವರ ಆಲೋಚನೆ ಕೇಳಿ, ಮುಂದಿನ ಅರ್ಜಿಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಳ್ಳಲಿ. ಅದಕ್ಕೆ ಬೆಲೆ ತೆರಬೇಕಾದೀತು. ಕೆಲವು ವರ್ಷಗಳು ಕಾಯಬೇಕಾದೀತು. ಜಕ್ಕಾಯನು ರಕ್ಷಣೆಯನ್ನು ಧರ್ಮಾರ್ಥವಾಗಿ ಹೊಂದಿದನು. ಆದರೂ ಹಳೇ ಲೆಕ್ಕವನ್ನು ಸರಿಪಡಿಸಲು ಅವನ ಬೊಕ್ಕಸವು ಹಗುರವಾಗಲೇಬೇಕಾಯಿತು. ಒಂದು ಸುಳ್ಳನ್ನು ಕಾಯಲು ಮತ್ತೊಂದು ಸುಳ್ಳನ್ನು ಕಾವಲಿಡುವದಕ್ಕಿಂತ ಆ ಬೆಲೆಯು ಕಡಿಮೆಯೇ.

ಎಲ್ಲವನ್ನೂ ಯಥಾರ್ಥವಾಗಿ ಬರೆದ ಮೇಲೆಯೂ ಪುನಃ ನಿರಾಕರಣೆ ಬಂದರೆ ಏನನ್ನೋಣ? ಬರಬಹುದು. ಸತ್ಯವು ವೀಸಾ ಕೊಡಿಸುವ ಮಂತ್ರವಲ್ಲ. ಅದನ್ನು ಹಾಗೆ ಮಾರುವವನೂ ಒಬ್ಬ ಏಜೆಂಟನೇ. ಮಗಳು ತಾಯಿಯಿಲ್ಲದೆ ಹೆರಬೇಕಾದೀತು; ತಾಯಿ ಇಲ್ಲಿ ಅಳಬೇಕಾದೀತು. ಆ ದುಃಖವನ್ನು ಸಣ್ಣದೆಂದು ಯಾರೂ ಹೇಳಬಾರದು. ಸಭೆಯವರು ಆಕೆಯ ಮನೆಗೆ ಹೋಗಿ ಸಂಗಡ ಕೂತುಕೊಳ್ಳಬೇಕು. ಅಪೊಸ್ತಲನಾದ ಪೌಲನು ಬಿಥೂನ್ಯಕ್ಕೆ ಹೋಗಲು ಪ್ರಯತ್ನಿಸಿದಾಗ ಅವನಿಗೂ ಅಪ್ಪಣೆಯಾಗಲಿಲ್ಲ. ಅವನು ತ್ರೋವಕ್ಕೆ ಇಳಿದುಹೋದನು, ಮಕೆದೋನ್ಯದ ದಾರಿಯು ಅಲ್ಲಿ ತೋರಿತು. ನಮಗೆ ಅಂಥಾ ದಾರಿ ಬೇಗ ತೋರಬಹುದು, ತೋರದೆಯೂ ಇರಬಹುದು. ಆದರೆ ಮುಚ್ಚಿದ ಬಾಗಲಿನ ಹೊರಗೆ ಶುದ್ಧ ಮನಸ್ಸಾಕ್ಷಿಯಿಂದ ನಿಂತವನ ಸಂಗಡ ನಿಲ್ಲುವಾತನೊಬ್ಬನಿದ್ದಾನೆ. ಛತ್ರದಲ್ಲಿ ಸ್ಥಳವಿಲ್ಲವೆಂಬ ಉತ್ತರವು ಆತನ ಜನನದ ರಾತ್ರಿಯಲ್ಲಿಯೇ ಆತನಿಗೆ ದೊರಕಿತು; ಆತನ ಸುವಾರ್ತೆಯನ್ನು ಬರೆದವರು ಅದನ್ನು ಮರೆಮಾಡಲಿಲ್ಲ. ಆತನ ನಾಮವನ್ನು ಹೊತ್ತಿರುವ ನಾವೂ ನಮ್ಮ ನಿರಾಕರಣೆಗಳನ್ನು ಮರೆಮಾಡದಿರ್ರೋಣ.